ಎರಡು ವಾರದಿಂದ ಗೂಡು ತೊಳೆಸುತ್ತಿದ್ದಾರೆ, ನಾಯಿ ಯಾವಾಗ ಕೈಗೆ ಕೊಡುತ್ತಾರೆ?

ಪ್ರಶ್ನೆ: ನನಗೆ 21 ವರ್ಷ, ತುಮಕೂರಿನಲ್ಲಿ ಪದವಿ ಓದುತ್ತಿದ್ದೇನೆ. ಊರಿನ ಹತ್ತಿರವೇ ನಾಯಿಗಳ ಆಶ್ರಯಧಾಮವೊಂದಿದೆ. ಪ್ರತಿ ಭಾನುವಾರ ಎರಡು ಗಂಟೆ ಹೋಗಿ ಕೈಲಾದ ಕೆಲಸ ಮಾಡೋಣ ಎಂದು ಸೇರಿಕೊಂಡೆ. ಎರಡು ವಾರವಾಯಿತು, ಗೂಡು ತೊಳೆಯುವುದು ಬಿಟ್ಟು ಬೇರೇನೂ ಕೊಟ್ಟಿಲ್ಲ. ನಾಯಿಗಳನ್ನು ವಾಕಿಂಗ್ ಕರೆದೊಯ್ಯಲು ಯಾವಾಗ ಬಿಡುತ್ತಾರೆ? ಅಮ್ಮನಿಗೆ ಹುಚ್ಚುನಾಯಿ ಭಯ. ಕಚ್ಚಿದರೆ ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅನ್ನುತ್ತಾರೆ. ಮನೆಯಲ್ಲಿ ಮೂರು ತಿಂಗಳ ಮರಿಯೂ ಇದೆ. ಹೋಗುವಾಗ ಏನು ತೆಗೆದುಕೊಂಡು ಹೋಗಬೇಕು ಎಂಬುದನ್ನೂ ತಿಳಿಸಿ. (ಓದುಗರು, ತುಮಕೂರು)

ಉತ್ತರ: ಮೊದಲು ಅಮ್ಮನ ಮಾತು. ಅವರು ಹೇಳುವುದು ಕಟ್ಟುಕಥೆಯಲ್ಲ, ಹಳೆಯ ಕಥೆ. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಲಸಿಕೆಯನ್ನು ಹೊಟ್ಟೆಯ ಚರ್ಮದಡಿಗೆ ದಿನಕ್ಕೊಂದರಂತೆ ಚುಚ್ಚುತ್ತಿದ್ದ ಕಾಲ ಇತ್ತು. ನಮ್ಮ ದೇಶದಲ್ಲಿ ಅದರ ತಯಾರಿಕೆ 2004ರ ಕೊನೆಗೆ ನಿಂತುಹೋಯಿತು. ಈಗಿನ ಲಸಿಕೆಯನ್ನು ತೋಳಿಗೆ ಕೊಡುತ್ತಾರೆ. ಇಷ್ಟನ್ನು ಅಮ್ಮನಿಗೆ ಹೇಳಿ. ಆದರೆ ರೇಬೀಸ್ ಬಗ್ಗೆ ಅವರಿಗಿರುವ ಭಯವನ್ನು ಮಾತ್ರ ಅಲ್ಲಗಳೆಯಬೇಡಿ. ಲಕ್ಷಣ ಕಾಣಿಸಿಕೊಂಡ ಮೇಲೆ ಆ ರೋಗಕ್ಕೆ ಮದ್ದಿಲ್ಲ.

ಅದಕ್ಕೇ, ನಾಯಿಗಳ ನಡುವೆ ಕೆಲಸ ಮಾಡುವವರು ಕಚ್ಚಿಸಿಕೊಳ್ಳುವ ಮೊದಲೇ ಲಸಿಕೆ ಹಾಕಿಸಿಕೊಳ್ಳಬೇಕು. ನಮ್ಮಲ್ಲಿ ವೈದ್ಯರು ಸಾಮಾನ್ಯವಾಗಿ ಮೂರು ಡೋಸ್ ಕೊಡುತ್ತಾರೆ. ಮೊದಲನೆಯದನ್ನು ಹಾಕಿಸಿಕೊಂಡ ದಿನವನ್ನು ಸೊನ್ನೆ ಎಂದು ಎಣಿಸಿ. ಉಳಿದೆರಡು 7ನೇ ದಿನ ಮತ್ತು 21 ಅಥವಾ 28ನೇ ದಿನ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಇದನ್ನು 0 ಮತ್ತು 7ನೇ ದಿನದ ಎರಡು ಡೋಸಿಗೆ ಇಳಿಸಿತು. ನಿಮಗೆ ಯಾವುದು ಎಂಬುದನ್ನು ವೈದ್ಯರೇ ತೀರ್ಮಾನಿಸಲಿ. ಹಾಕಿಸಿಕೊಂಡಿದ್ದರೆ ಏನು ಲಾಭ ಅಂದರೆ, ಮುಂದೆ ನಾಯಿ ಕಚ್ಚಿದಾಗ 0 ಮತ್ತು 3ನೇ ದಿನ ಎರಡೇ ಡೋಸ್ ಸಾಕು. ಹಾಕಿಸಿಕೊಳ್ಳದವರಿಗೆ ತೋಳಿನ ಸ್ನಾಯುವಿಗಾದರೆ 0, 3, 7, 14, 28 ಎಂದು ಐದು ಡೋಸ್ ಬೇಕು. ಅದರ ಮೇಲೆ, ರಕ್ತ ಬರುವ ಹಾಗೆ ಕಚ್ಚಿದ್ದರೆ ಗಾಯದೊಳಕ್ಕೇ ಇಮ್ಯುನೊಗ್ಲಾಬ್ಯುಲಿನ್, ಅಂದರೆ ರೇಬೀಸ್ ವೈರಾಣುವನ್ನು ತಡೆಯುವ ಸಿದ್ಧ ಪ್ರತಿಕಾಯ, ಚುಚ್ಚಬೇಕು. ಆ ಔಷಧಿ ಬೇಕೆಂದಾಗ ಎಲ್ಲ ಊರಲ್ಲೂ ಸಿಗುತ್ತದೆ ಎಂದು ನಂಬಿ ಕೂರುವಂತಿಲ್ಲ. ಲಸಿಕೆ ಚೀಟಿಯ ಫೋಟೊ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಟಿಟಿ (ಧನುರ್ವಾಯು ಲಸಿಕೆ) ಹಾಕಿಸಿಕೊಂಡು ಎಷ್ಟು ವರ್ಷವಾಯಿತು ಎಂಬುದನ್ನೂ ಅದೇ ದಿನ ನೋಡಿಸಿಕೊಳ್ಳಿ.

ಲಸಿಕೆ ಆಗಿದೆಯೆಂದು ಗಾಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕಚ್ಚಿದ, ಪರಚಿದ, ಅಥವಾ ಮೊದಲೇ ಇದ್ದ ಗಾಯವನ್ನು ನೆಕ್ಕಿದ ಕೂಡಲೇ ನಲ್ಲಿ ಬಿಟ್ಟು, ಸೋಪು ಹಚ್ಚಿ, 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡೇ ತೊಳೆಯಿರಿ. ಅಂದಾಜಿನ ಹದಿನೈದು ನಿಮಿಷ ಸಾಮಾನ್ಯವಾಗಿ ಎರಡು ನಿಮಿಷಕ್ಕೆ ಮುಗಿದಿರುತ್ತದೆ. ಅರಿಶಿನ, ಸುಣ್ಣ, ಮೆಣಸಿನಪುಡಿ ಯಾವುದೂ ಬೇಡ. ಸೀದಾ ಆಸ್ಪತ್ರೆಗೆ ಹೋಗಿ. ಪುಟ್ಟ ಮರಿ, ಹಲ್ಲು ತಾಗಿತಷ್ಟೆ ಎಂದು ಬಿಡುವವರೇ ಹೆಚ್ಚು. ಮೂರು ತಿಂಗಳಾಗದ ಬೀದಿಮರಿಗೆ ರೇಬೀಸ್ ಲಸಿಕೆ ಆಗಿರುವುದೇ ಇಲ್ಲ ಎಂಬುದನ್ನು ಮರೆಯಬೇಡಿ.

ಇನ್ನೊಂದು ಎಚ್ಚರಿಕೆ. ಹುಚ್ಚುನಾಯಿ ಎಂದರೆ ಅಟ್ಟಿಸಿಕೊಂಡು ಬರುವ ನಾಯಿ ಎಂಬ ಚಿತ್ರ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಇದೇ ರೋಗದ ಇನ್ನೊಂದು ರೂಪದಲ್ಲಿ ನಾಯಿ ಮಂಕಾಗಿ ಮೂಲೆ ಹಿಡಿಯುತ್ತದೆ. ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತದೆ, ನೀರು ನುಂಗಲಾಗುವುದಿಲ್ಲ, ಬೊಗಳಿದರೆ ದನಿ ಬೇರೆ. ನೋಡಿದವರಿಗೆ ಗಂಟಲಲ್ಲಿ ಮೂಳೆ ಸಿಕ್ಕಿದೆ ಅನ್ನಿಸುತ್ತದೆ. ಪಾಪ, ತೆಗೆಯೋಣ ಎಂದು ಬಾಯಿಗೆ ಕೈಹಾಕುವುದು ಇಲ್ಲಿಯೇ. ಎಂಥ ಸಂದರ್ಭದಲ್ಲೂ ಸ್ವಯಂಸೇವಕರು ನಾಯಿಯ ಬಾಯಿಗೆ ಕೈಹಾಕಬಾರದು. ಬಾಗಿಲು ಮುಚ್ಚಿ, ಸಿಬ್ಬಂದಿಯನ್ನು ಕರೆಯಿರಿ.

ಇನ್ನು ಗೂಡು ತೊಳೆಯುವ ವಿಚಾರ. ನಿಮ್ಮನ್ನು ಕಡೆಗಣಿಸಿದ್ದಾರೆ ಎಂದುಕೊಂಡಿದ್ದೀರಿ. ನಿಜ ಹೇಳಬೇಕೆಂದರೆ ಆಶ್ರಯಧಾಮದಲ್ಲಿ ಅತಿ ಹೆಚ್ಚು ಜೀವ ಉಳಿಸುವ ಕೆಲಸ ಅದೇ, ಅತಿ ಹೆಚ್ಚು ತಪ್ಪಾಗುವ ಕೆಲಸವೂ ಅದೇ. ಕಾರಣ ಪಾರ್ವೊ. ಮರಿಗಳಿಗೆ ವಾಂತಿ, ರಕ್ತಭೇದಿ ತರುವ ಈ ವೈರಾಣು ಹೊರಗೆ ಬಿದ್ದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ನೆರಳು ತೇವ ಇದ್ದರೆ ವರ್ಷದವರೆಗೂ. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ 3ರಿಂದ 7 ದಿನ, ಕೆಲವೊಮ್ಮೆ ಎರಡು ವಾರ ಬೇಕು. ಅಂದರೆ ಇಂದು ಚೆನ್ನಾಗಿ ಆಡುತ್ತಿರುವ ಮರಿ ಇಂದೇ ರೋಗ ಹರಡುತ್ತಿರಬಹುದು. ನಮ್ಮ ಮನೆಗಳಲ್ಲಿ ಫಿನಾಯಿಲ್ ವಾಸನೆ ಬಂದರೆ ಸ್ವಚ್ಛ ಎಂಬ ಲೆಕ್ಕವಿದೆ. ಪಾರ್ವೊಗೆ ಫಿನಾಯಿಲ್ ಏನೂ ಮಾಡುವುದಿಲ್ಲ. ಕೈಗೆ ಹಚ್ಚುವ ಸ್ಯಾನಿಟೈಸರ್ ಕೂಡ ಅಷ್ಟೆ. ಅದಕ್ಕೆ ಬೇಕಾದ್ದು ಕ್ಲೋರಿನ್. ಅಗ್ಗದ ಬ್ಲೀಚಿಂಗ್ ಪೌಡರ್ ಸಾಕು, ಆದರೆ ಹಾಕುವ ಕ್ರಮ ಸರಿಯಿರಬೇಕು.

ಮೊದಲು ನಾಯಿಯನ್ನು ಗೂಡಿನಿಂದ ಹೊರಗೆ ಕಳಿಸಿ. ಮಲ, ಕೂದಲು, ಅನ್ನದ ಅಗುಳು, ಒದ್ದೆ ಗೋಣಿ ಎಲ್ಲವನ್ನೂ ಸಲಿಕೆಯಲ್ಲಿ ಎತ್ತಿ. ಪೈಪಿನ ನೀರಿನ ಜೋರಿಗೆ ಮಲವನ್ನು ಚರಂಡಿಗೆ ತಳ್ಳುವುದು ಸುಲಭ ಅನ್ನಿಸುತ್ತದೆ, ಆದರೆ ಸಿಡಿದ ಹನಿ ಪಕ್ಕದ ಗೂಡಿನ ಬಟ್ಟಲಲ್ಲಿ ಬೀಳುತ್ತದೆ. ಆಮೇಲೆ ಸೋಪಿನ ಪುಡಿಯ ನೀರು ಹಾಕಿ, ಗಟ್ಟಿ ಬ್ರಷ್ಷಿನಿಂದ ನೆಲ ಮತ್ತು ಗೋಡೆಯ ಕೆಳಭಾಗವನ್ನು ಉಜ್ಜಿ, ಚೆನ್ನಾಗಿ ತೊಳೆಯಿರಿ. ಬ್ಲೀಚ್‌ನ ಸರದಿ ಇದಾದ ಮೇಲೆ. ಕೊಳೆ ಉಳಿದರೆ ಕ್ಲೋರಿನ್ ಕೊಳೆಯ ಮೇಲೇ ಖರ್ಚಾಗಿ ಹೋಗುತ್ತದೆ, ವೈರಾಣುವಿನ ತನಕ ತಲುಪುವುದಿಲ್ಲ. ಮೂತ್ರ ಉಳಿದರೆ ಅದರ ಅಮೋನಿಯಾ ಜೊತೆ ಸೇರಿ ಕಣ್ಣು ಗಂಟಲು ಉರಿಸುವ ಅನಿಲ ಏಳುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಸೇರಿಸಿದರಂತೂ ಇನ್ನೂ ಅಪಾಯ.

ಪ್ರಮಾಣ: ಒಂದು ಲೀಟರ್ ನೀರಿಗೆ 5 ಗ್ರಾಂ ಬ್ಲೀಚಿಂಗ್ ಪೌಡರ್, ಅಂದರೆ ಹತ್ತು ಲೀಟರಿನ ಬಕೆಟ್ಟಿಗೆ 50 ಗ್ರಾಂ. ದ್ರವ ಬ್ಲೀಚ್ ಆದರೆ, ಶೇ 5ರದ್ದಾಗಿದ್ದರೆ, ಲೀಟರಿಗೆ 30 ಮಿಲಿ. ಪುಡಿಯನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿ ಬಳಸಿ. ನೆಲ 10 ನಿಮಿಷ ಒದ್ದೆಯಾಗಿಯೇ ಇರಬೇಕು. ಬೇಸಿಗೆಯಲ್ಲಿ ಐದೇ ನಿಮಿಷಕ್ಕೆ ಆರಿಬಿಡುತ್ತದೆ, ಆಗ ಇನ್ನೊಮ್ಮೆ ಹಾಕಬೇಕಾಗುತ್ತದೆ. ಕೊನೆಗೆ ಶುದ್ಧ ನೀರಿನಿಂದ ತೊಳೆದು, ವೈಪರ್ ಎಳೆದು, ಒಣಗಿದ ಮೇಲೆಯೇ ನಾಯಿಯನ್ನು ಒಳಗೆ ಬಿಡಿ. ಇಲ್ಲದಿದ್ದರೆ ಪಾದ ಉರಿಯುತ್ತದೆ, ಅದು ನೆಕ್ಕುತ್ತದೆ, ಬಾಯಿ ಹುಣ್ಣಾಗುತ್ತದೆ. ಕಲಸಿದ್ದನ್ನು ಅಂದೇ ಮುಗಿಸಿ. ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಮೂಟೆಯ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿ ಬರೀ ಸುಣ್ಣ ಉಳಿದಿರುತ್ತದೆ. ಮೂಗಿಗೆ ಘಾಟು ಹೊಡೆಯದಿದ್ದರೆ ಅನುಮಾನಪಡಿ. ಮಣ್ಣಿನ ಅಂಗಳಕ್ಕೆ ಬ್ಲೀಚ್ ಸುರಿದು ಪ್ರಯೋಜನವಿಲ್ಲ. ಮಣ್ಣೇ ಅದನ್ನು ತಿಂದುಹಾಕುತ್ತದೆ. ಅಲ್ಲಿ ಬಿಸಿಲು, ಒಣಗು ಮತ್ತು ಮರಿಗಳನ್ನು ದೂರ ಇಡುವುದು, ಇಷ್ಟೇ ದಾರಿ.

ಯಾವ ಗೂಡು ಮೊದಲು ಎಂಬುದೂ ಅಷ್ಟೇ ಮುಖ್ಯ. ಆರೋಗ್ಯವಾಗಿರುವ ಮರಿಗಳದ್ದು ಮೊದಲು, ಆಮೇಲೆ ಆರೋಗ್ಯವಂತ ದೊಡ್ಡ ನಾಯಿಗಳದ್ದು, ಆಮೇಲೆ ಹೊಸದಾಗಿ ಬಂದವುಗಳದ್ದು, ಕಟ್ಟಕಡೆಗೆ ರೋಗಿಗಳದ್ದು. ರೋಗಿಗಳ ಕೋಣೆಯ ಬಕೆಟ್ಟು, ಬ್ರಷ್ಷು, ಸಲಿಕೆ ಅಲ್ಲೇ ಇರಬೇಕು. ಅಲ್ಲಿಂದ ಬಂದ ಮೇಲೆ ಮರಿಗಳ ಬಳಿ ಹೋಗುವಂತಿಲ್ಲ, ಯಾರು ಕರೆದರೂ ಹೋಗುವಂತಿಲ್ಲ.

ನಿಮ್ಮ ಮನೆಯ ಮರಿಗೂ ಇದೇ ಲೆಕ್ಕ. ಮರಿಗಳ ಪಾರ್ವೊ ಮತ್ತು ಡಿಸ್ಟೆಂಪರ್ (ನಾಯಿಗಳ ಇನ್ನೊಂದು ವೈರಾಣು ರೋಗ) ಲಸಿಕೆ ಆರರಿಂದ ಎಂಟನೇ ವಾರದಲ್ಲಿ ಶುರುವಾಗಿ ಮೂರು ನಾಲ್ಕು ವಾರಕ್ಕೊಂದರಂತೆ 16ನೇ ವಾರದವರೆಗೂ ನಡೆಯಬೇಕು. ಮೂರು ತಿಂಗಳ ಮರಿಗೆ ಅದು ಇನ್ನೂ ಮುಗಿದಿರುವುದಿಲ್ಲ. ಕೊನೆಯ ಡೋಸ್ ಆಗಿ ಎರಡು ವಾರ ಕಳೆಯುವ ತನಕ ನೀವು ಆಶ್ರಯಧಾಮಕ್ಕೆ ಹೋಗದಿದ್ದರೇ ಒಳ್ಳೆಯದು. ಫೋಟೊ, ದತ್ತು ವಿಚಾರಿಸಿಕೊಂಡು ಬರುವ ಫೋನು, ಔಷಧಿ ಲೆಕ್ಕ ಇಂಥ ಕೆಲಸ ಕೇಳಿ ಮನೆಯಿಂದಲೇ ಮಾಡಿ. ಹೋಗಲೇಬೇಕಾದರೆ ಅಲ್ಲಿಗೇ ಮೀಸಲಾದ ಗಂಬೂಟು ಅಲ್ಲೇ ಇರಲಿ. ಬಟ್ಟೆಯನ್ನು ಅಲ್ಲೇ ಬದಲಿಸಿ ಚೀಲದಲ್ಲಿ ಕಟ್ಟಿ ತನ್ನಿ, ಮನೆಯಲ್ಲಿ ಸ್ನಾನ ಮುಗಿಸಿಯೇ ಮರಿಯನ್ನು ಮುಟ್ಟಿ.

ಗಂಬೂಟಿನ ಇನ್ನೊಂದು ಉಪಯೋಗ ಇಲಿಜ್ವರದಿಂದ ರಕ್ಷಣೆ. ಇಲಿ ಮತ್ತು ನಾಯಿಯ ಮೂತ್ರ ಸೇರಿದ ನೀರು ಕಾಲಿನ ಗಾಯಕ್ಕೆ ತಾಗಿದರೆ ಲೆಪ್ಟೊಸ್ಪೈರೊಸಿಸ್ ಬರಬಹುದು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡಿನಲ್ಲಿ, ಇದರ ಹೆಸರು ಕೇಳದವರಿಲ್ಲ. ಗೂಡು ತೊಳೆದ ಎರಡು ಮೂರು ವಾರದೊಳಗೆ ಮೈಕೈ ನೋವಿನ ಜ್ವರ ಬಂದರೆ, ನಾಯಿಗಳ ನಡುವೆ ಕೆಲಸ ಮಾಡಿದ್ದೇನೆ ಎಂದು ವೈದ್ಯರಿಗೆ ನೀವಾಗಿಯೇ ಹೇಳಬೇಕು. ಬರಿಗಾಲಲ್ಲಿ ಓಡಾಡಿದರೆ ಕೊಕ್ಕೆಹುಳುವಿನ ಮರಿಗಳು ಚರ್ಮ ಹೊಕ್ಕು ಹಾವಿನಂತೆ ಸುತ್ತುವ ಕೆಂಪು ಗೆರೆ ಮೂಡಿಸುತ್ತವೆ. ಕಜ್ಜಿ ನಾಯಿಯನ್ನು ಕೈಗವಸಿಲ್ಲದೆ ಮುಟ್ಟಿದರೆ ನಿಮಗೂ ನವೆ. ನಾಯಿಯ ರಕ್ತ ಹೀರುವ ಉಣ್ಣೆಹುಳುವನ್ನು ಉಗುರಲ್ಲಿ ಹಿಸುಕಬೇಡಿ. ಚಿಮಟದಿಂದ ಚರ್ಮದ ಹತ್ತಿರ ಹಿಡಿದು, ತಿರುಚದೆ ನೇರ ಎಳೆದು ಸ್ಪಿರಿಟ್ಟಿಗೆ ಹಾಕಿ. ಮೈಮೇಲೆ ಕಾಣುವ ಉಣ್ಣೆ ಸ್ವಲ್ಪ, ಉಳಿದವು ಗೋಡೆಯ ಬಿರುಕಿನಲ್ಲಿವೆ. ಬ್ರಷ್ಷು ಅಲ್ಲಿಗೂ ಹೋಗಬೇಕು.

ಈಗ ನೀವು ಕಾಯುತ್ತಿರುವ ಭಾಗ. ತೊಳೆಯುವಾಗಲೇ ನೀವು ನಾಯಿಗಳನ್ನು ಓದುವುದು ಕಲಿಯುತ್ತಿರುತ್ತೀರಿ, ಅವೂ ನಿಮ್ಮನ್ನು ಓದುತ್ತಿರುತ್ತವೆ. ಅದೇ ವಾರ, ಅದೇ ಹೊತ್ತು, ಅದೇ ಬೂಟಿನ ಸದ್ದು: ಹೆದರಿದ ನಾಯಿಗೆ ಇದಕ್ಕಿಂತ ದೊಡ್ಡ ಔಷಧಿಯಿಲ್ಲ. ತಿಂಗಳಿಗೊಮ್ಮೆ ಇಡೀ ದಿನ ಬಂದು ಹೋಗುವವರಿಗಿಂತ ವಾರಕ್ಕೆ ಎರಡೇ ಗಂಟೆ ತಪ್ಪದೆ ಬರುವವರು ಹೆಚ್ಚು ಉಪಯೋಗಕ್ಕೆ ಬರುತ್ತಾರೆ.

ಬಾಲ ಆಡಿಸುವುದೆಲ್ಲ ಸ್ನೇಹವಲ್ಲ. ಬಾಲ ಮೇಲೆತ್ತಿ, ಬಿಗಿಯಾಗಿ, ನಿಧಾನ ಆಡುತ್ತಿದ್ದು ಮೈ ಸೆಟೆದಿದ್ದರೆ ದೂರ ಇರಿ. ಸೊಂಟವೆಲ್ಲ ಬಳುಕುವ ಹಾಗೆ ಆಡಿಸುತ್ತಿದ್ದರೆ ಬಹುಮಟ್ಟಿಗೆ ಒಳ್ಳೆಯ ಮನಸ್ಸೇ. ತಿಂಡಿ ಇಲ್ಲದಾಗ ತುಟಿ ನೆಕ್ಕಿಕೊಳ್ಳುವುದು, ನಿದ್ದೆ ಬಾರದೆಯೂ ಆಕಳಿಸುವುದು, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ತೋರಿಸುತ್ತ ನಿಮ್ಮನ್ನೇ ನೋಡುವುದು, ಇವೆಲ್ಲ ‘ಸಾಕು, ಹತ್ತಿರ ಬರಬೇಡ’ ಎನ್ನುವ ಮಾತು. ಎಲ್ಲಕ್ಕಿಂತ ಅಪಾಯ, ಅಲ್ಲಾಡುತ್ತಿದ್ದ ನಾಯಿ ಒಮ್ಮೆಲೇ ಕಲ್ಲಾಗುವುದು. ಗುರುಗುಟ್ಟಿದ್ದಕ್ಕೆ ಗದರಬೇಡಿ. ಗದರಿಸಿಕೊಂಡ ನಾಯಿ ಗುರುಗುಟ್ಟುವುದನ್ನು ಬಿಡುತ್ತದೆ, ಕಚ್ಚುವುದನ್ನು ಬಿಡುವುದಿಲ್ಲ.

ಮುಟ್ಟುವಾಗ ಮುಂದಿನಿಂದ ಬಗ್ಗಿ ತಲೆಯ ಮೇಲೆ ಕೈಯಿಡಬೇಡಿ. ಪಕ್ಕಕ್ಕೆ ತಿರುಗಿ ಕುಕ್ಕರಗಾಲಲ್ಲಿ ಕೂತು, ಅದೇ ಹತ್ತಿರ ಬರಲಿ. ಎದೆ ಅಥವಾ ಭುಜವನ್ನು ಮೂರು ಸೆಕೆಂಡು ಸವರಿ, ಕೈ ಹಿಂದಕ್ಕೆ ತೆಗೆಯಿರಿ. ಒತ್ತಿಕೊಂಡು ಬಂದರೆ ಮತ್ತೆ ಸವರಿ. ನಿಂತಲ್ಲೇ ನಿಂತರೆ ಅದಕ್ಕೆ ಬೇಡ ಎಂದರ್ಥ. ತಬ್ಬಿಕೊಂಡು ಸೆಲ್ಫಿ ತೆಗೆಯುವುದು, ಎಷ್ಟೇ ಲೈಕು ಬಂದರೂ, ನಿಮ್ಮ ಕೆನ್ನೆಯನ್ನು ಅದರ ಹಲ್ಲಿನ ಪಕ್ಕ ಇಡುವ ಕೆಲಸ.

ಹೊಸಬರು ಬಾಗಿಲಿಗೆ ಬಂದು ಕುಣಿಯುವ ನಾಯಿಯ ಬಳಿಯೇ ಹೋಗುತ್ತಾರೆ. ಹಿಂದಿನ ಮೂಲೆಯಲ್ಲಿ ಗೋಡೆಗೆ ಅಂಟಿ ಕೂತದ್ದನ್ನು ಯಾರೂ ದತ್ತು ಕೇಳುವುದಿಲ್ಲ. ಸಿಬ್ಬಂದಿಯನ್ನು ಕೇಳಿ ಅಂಥದೊಂದರ ಗೂಡಿನ ಹೊರಗೆ, ಬೆನ್ನು ಅಥವಾ ಪಕ್ಕ ಅದರತ್ತ ಮಾಡಿ 15 ನಿಮಿಷ ಕೂರಿ. ನೋಡಬೇಡಿ, ಕರೆಯಬೇಡಿ. ಬೇಕಿದ್ದರೆ ಪಠ್ಯಪುಸ್ತಕವನ್ನೇ ಮೆಲುದನಿಯಲ್ಲಿ ಓದಿ. ನಡುನಡುವೆ ಬೇಯಿಸಿದ ಕೋಳಿಯ ಚೂರೊಂದನ್ನು ಅದರ ಹಿಂದಕ್ಕೆ ಬೀಳುವಂತೆ ಎಸೆಯಿರಿ. ಮುಂದಕ್ಕೆ ಎಸೆದರೆ ಆಸೆಗೆ ಹತ್ತಿರ ಬಂದು, ಬಂದ ಮೇಲೆ ಗಾಬರಿಬೀಳುತ್ತದೆ. ಹಿಂದಕ್ಕೆ ಎಸೆದರೆ ತಿಂದು, ನಿರಾಳವಾಗಿ, ತಾನಾಗಿ ಮತ್ತೆ ಬರುತ್ತದೆ.

ವಾಕಿಂಗಿಗೆ ಬಿಡಲು ಸಿಬ್ಬಂದಿ ಹಿಂಜರಿಯುವುದು ಮುಖ್ಯವಾಗಿ ನಾಯಿ ತಪ್ಪಿಸಿಕೊಳ್ಳುತ್ತದೆಂದು. ನಮ್ಮ ನಾಟಿ ನಾಯಿಗಳ ತಲೆಗಿಂತ ಕತ್ತೇನೂ ತೆಳುವಲ್ಲ. ಬೆಲ್ಟಿನೊಳಗೆ ಎರಡು ಬೆರಳು ತೂರುವಷ್ಟು ಸಡಿಲವಿರಲಿ ಅನ್ನುತ್ತಾರೆ. ಅಷ್ಟು ಸಡಿಲದಲ್ಲೇ ಇವು ಕಳಚಿಕೊಳ್ಳುತ್ತವೆ. ಅದು ನಡೆಯುವುದು ಹೀಗೆ: ಗೇಟು ದಾಟಿದ ಕೂಡಲೇ ಆಟೊ ಒಂದು ಹಾರ್ನ್ ಹೊಡೆಯುತ್ತದೆ. ನಾಯಿ ನಾಲ್ಕೂ ಕಾಲು ಊರಿ ನಿಲ್ಲುತ್ತದೆ. ನೀವು ಮುಂದೆ ನಿಂತು ಹಗ್ಗ ಜಗ್ಗುತ್ತೀರಿ. ಅದು ಗದ್ದ ತಗ್ಗಿಸಿ, ಕಿವಿ ಹಿಂದಕ್ಕೆ ಮಡಚಿ, ಹಿಮ್ಮುಖ ಎಳೆಯುತ್ತದೆ. ಬೆಲ್ಟು ಕಿವಿಯ ಬುಡದಲ್ಲಿ ಅರೆಕ್ಷಣ ನಿಂತು, ಜಾರಿ, ನಿಮ್ಮ ಕೈಯಲ್ಲಿ ಖಾಲಿ ನೇತಾಡುತ್ತದೆ. ಅದು ಕಾಲೂರಿದ ಕ್ಷಣ ನೀವು ಜಗ್ಗುವ ಬದಲು ಅದರ ಕಡೆಗೇ ಒಂದು ಹೆಜ್ಜೆ ಇಟ್ಟು ಹಗ್ಗ ಸಡಿಲ ಬಿಟ್ಟಿದ್ದರೆ ಬೆಲ್ಟು ಕತ್ತಿನಲ್ಲೇ ಉಳಿಯುತ್ತಿತ್ತು. ಹಾಗಾಗಿ ಎರಡು ಕಟ್ಟು ಬೇಕು: ಎದೆಗೆ ಹಾರ್ನೆಸ್ (ಎದೆ, ಭುಜ ಬಳಸಿ ಕಟ್ಟುವ ಪಟ್ಟಿ), ಕತ್ತಿಗೆ ಎಳೆದರೆ ಬಿಗಿಯಾಗುವ ಮಾರ್ಟಿಂಗೇಲ್ ಬೆಲ್ಟು, ಎರಡಕ್ಕೂ ಕೊಕ್ಕೆ. ಹಗ್ಗ ಐದಾರು ಅಡಿಯದ್ದು ಸಾಕು. ಗುಂಡಿ ಒತ್ತಿದರೆ ಉದ್ದವಾಗುವ ಡಬ್ಬಿಯ ಹಗ್ಗ ಬೇಡ. ಹಗ್ಗದ ಕುಣಿಕೆಯನ್ನು ಹೆಬ್ಬೆರಳಿಗೆ ಹಾಕಿ ಮುಷ್ಟಿ ಕಟ್ಟಿ. ಅಂಗೈಗೆ ಸುತ್ತಿಕೊಂಡರೆ ನಾಯಿ ನುಗ್ಗಿದಾಗ ಬೆರಳು ಮುರಿಯುತ್ತದೆ.

ಕೊಕ್ಕೆ ಹಾಕುವುದು ಗೂಡಿನ ಒಳಗೇ, ಬಾಗಿಲು ಮುಚ್ಚಿಕೊಂಡು. ಎರಡು ಗೇಟಿದ್ದರೆ ಮೊದಲನೆಯದು ಮುಚ್ಚಿದ ಮೇಲೆಯೇ ಎರಡನೆಯದು. ಸಾಲು ಗೂಡುಗಳ ಮುಂದೆ ಹೋಗುವಾಗ ನಾಯಿ ನಿಮ್ಮ ಹೊರಬದಿಗಿರಲಿ, ನಿಲ್ಲದೆ ನಡೆಯಿರಿ. ಜಾಲರಿಗೆ ಮೂತಿ ಕೊಟ್ಟರೆ ಒಳಗಿನದು ಕಚ್ಚುತ್ತದೆ. ಜಗಳ ಬಿದ್ದರೆ ಬೆಲ್ಟಿಗೆ ಕೈಹಾಕಬೇಡಿ, ಆ ಹೊತ್ತಿನಲ್ಲಿ ಅದಕ್ಕೆ ಯಾರ ಕೈ ಎಂಬುದು ಗೊತ್ತಾಗುವುದಿಲ್ಲ. ಒಂದು ಬಕೆಟ್ ನೀರು ಎರಚಿ, ಅಥವಾ ಹಲಗೆಯೊಂದನ್ನು ನಡುವೆ ತೂರಿಸಿ. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ ಮುಗಿಸಿ. ಅಂಗೈ ಹಿಂಭಾಗವನ್ನು ಟಾರಿನ ಮೇಲೆ ಏಳು ಸೆಕೆಂಡು ಇಡಲಾಗದಿದ್ದರೆ ಆ ರಸ್ತೆ ಅದರ ಪಾದಕ್ಕೂ ಆಗದು. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿ ಹೊಲಿಗೆ ಮಾಗದ ನಾಯಿಯನ್ನು ಕೊಡಿ ಎಂದು ಕೇಳಲೇಬೇಡಿ.

ಅಂದ ಹಾಗೆ, ಇಷ್ಟವಾದ ನಾಯಿ ಮುಂದಿನ ವಾರ ಕಾಣದಿದ್ದರೆ ಗಾಬರಿಯಾಗಬೇಡಿ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ, ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಆದ ಬೀದಿನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಆವರಣದಿಂದ ಹಿಡಿದವನ್ನು ಅಲ್ಲಿಗೇ ವಾಪಸ್ ಬಿಡಬಾರದೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿತು. ಹೀಗೆ ಆಶ್ರಯಧಾಮದಲ್ಲೇ ಉಳಿಯುವ ನಾಯಿಗಳಿಗೇ ನಿಮ್ಮ ವಾಕಿಂಗ್ ಹೆಚ್ಚು ಬೇಕು.

ತೆಗೆದುಕೊಂಡು ಹೋಗಬೇಕಾದ್ದು: ಹಳೆಯ ಬೆಡ್‌ಶೀಟು, ಒಗೆದ ಗೋಣಿಚೀಲ, ದಿನಪತ್ರಿಕೆ, ಗಟ್ಟಿ ಬ್ರಷ್ಷು, ಸ್ಟೀಲ್ ಬಟ್ಟಲು. ಹತ್ತಿ ತುಂಬಿದ ದಿಂಬು, ಜಿಪ್ಪು ಗುಂಡಿಯ ಬಟ್ಟೆ ಬೇಡ, ಹರಿದು ನುಂಗುತ್ತವೆ. ಮದುವೆಮನೆಯ ಉಳಿದ ಬಿರಿಯಾನಿಯನ್ನು ಪುಣ್ಯವೆಂದು ತಂದು ಸುರಿಯುವವರಿದ್ದಾರೆ. ಅದರ ಈರುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ, ಬೆಂದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ಬಿಸ್ಕತ್ತಿನ ಲೆಕ್ಕವನ್ನೂ ನೋಡಿ. 15 ಕೆ.ಜಿ. ನಾಯಿಗೆ ದಿನಕ್ಕೆ ಸುಮಾರು 850 ಕ್ಯಾಲೊರಿ ಸಾಕು, ಅದರಲ್ಲಿ ತಿಂಡಿ ಹತ್ತರಲ್ಲೊಂದು ಪಾಲು ಮೀರಬಾರದು. ಚಿಕ್ಕ ಗ್ಲೂಕೋಸ್ ಬಿಸ್ಕತ್ತು ಒಂದಕ್ಕೆ ಇಪ್ಪತ್ತು ಕ್ಯಾಲೊರಿಯ ಮೇಲಾಗುತ್ತದೆ, ಅಂದರೆ ನಾಲ್ಕಕ್ಕೇ ಮಿತಿ ಮುಗಿಯಿತು. ಭಾನುವಾರ ಬರುವ ಹತ್ತು ಜನರೂ ಒಂದೊಂದು ಪೊಟ್ಟಣ ಬಿಚ್ಚಿದರೆ ಸೋಮವಾರ ಗೂಡಿನಲ್ಲಿ ಭೇದಿ. ಅದು ಪಾರ್ವೊ ಭೇದಿಯೋ ಬಿಸ್ಕತ್ತಿನ ಭೇದಿಯೋ ತಿಳಿಯದೆ ವೈದ್ಯರು ಒದ್ದಾಡುತ್ತಾರೆ.

ಈ ಸೋಮವಾರ ಮೊದಲ ಡೋಸ್ ಹಾಕಿಸಿಕೊಂಡರೆ ಮುಂದಿನ ಸೋಮವಾರ ಎರಡನೆಯದು, ಅದಾಗಿ ಎರಡು ವಾರಕ್ಕೆ ಮೂರನೆಯದು. ನಿಮ್ಮ ಮರಿಯ 16ನೇ ವಾರದ ಡೋಸೂ ಹೆಚ್ಚುಕಡಿಮೆ ಆಗಲೇ ಬರುತ್ತದೆ, ಅದರ ಮೇಲೆ ಎರಡು ವಾರ ಕಾಯುವುದಿದೆ. ಮತ್ತೆ ಹೋದ ದಿನ ಆಶ್ರಯಧಾಮದವರಿಗೆ ಲಸಿಕೆ ಚೀಟಿ ತೋರಿಸಿ, ಹಾರ್ನೆಸ್ ಹಾಕುವುದನ್ನು ಅಲ್ಲಿನ ಮುದಿ, ಶಾಂತ ನಾಯಿಯೊಂದರ ಮೇಲೆ ಕಲಿಸಿಕೊಡಿ ಎಂದು ಕೇಳಿ. ಮೊದಲ ಎರಡು ಸಲ ಗೇಟು ದಾಟುವುದು ಬೇಡ, ಒಳಗಿನ ಅಂಗಳದಲ್ಲೇ ಹತ್ತು ನಿಮಿಷ ಸುತ್ತಿಸಿ.